ಪತ್ರಗಳಿಗೊಂದು ಅಟ್ಟ

ಮನೆಯಲ್ಲೇ ಒಂದು ಪುಟ್ಟ ಕಂಪ್ಯೂಟರ್ ಇಟ್ಟು, ಅದಕ್ಕೆ ಪೋಸ್ಟ್‌ಫಿಕ್ಸ್, ಡವ್‌ಕಾಟ್ ಎಂಬ ಉಚಿತ ತಂತ್ರಾಂಶಗಳನ್ನು ಹಾಕಿಕೊಂಡರೆ ನಮ್ಮ ಇ-ಮೇಲಿಗೆ ನಾವೇ ಒಡೆಯರು ಎಂಬ ವಾದವೊಂದಿದೆ. ಬಿಳಿಗೆರೆಯಂಥ ಊರಿನಲ್ಲಿ ಕುಳಿತು ಬರೆಯುವ ನಮ್ಮಂಥವರಿಗೆ ಇದು ಆಕರ್ಷಕವೇ. ಆದರೂ ವಾದವನ್ನು ಒರೆಗೆ ಹಚ್ಚಿ ನೋಡಬೇಕು.

ಕರೆಂಟು ಹೋದರೆ ಪತ್ರವೂ ಹೋಯಿತು ಎಂಬುದು ಮೊದಲ ಭಯ. ಅದು ಅಷ್ಟು ನಿಜವಲ್ಲ. ನಮ್ಮ ಸರ್ವರ್ ಬಂದ್ ಆಗಿದ್ದರೆ ಕಳುಹಿಸಿದ ಕಡೆಯ ಸರ್ವರ್ ಸಾಮಾನ್ಯವಾಗಿ ನಾಲ್ಕೈದು ದಿನ ಮತ್ತೆ ಮತ್ತೆ ಬಾಗಿಲು ತಟ್ಟುತ್ತದೆ. ನಿಜವಾದ ತೊಡಕಿರುವುದು ನಾವು ಕಳುಹಿಸುವ ಪತ್ರಗಳಲ್ಲಿ. ಮನೆಯ ಇಂಟರ್‌ನೆಟ್ಟಿಗೆ ಸಾಮಾನ್ಯವಾಗಿ ಸ್ಥಿರ ವಿಳಾಸವಿರುವುದಿಲ್ಲ. ಇ-ಮೇಲ್ ಹೊರಡುವ 25ನೆಯ ಪೋರ್ಟನ್ನು ಅನೇಕ ಕಂಪೆನಿಗಳು ಮುಚ್ಚಿರುತ್ತವೆ. ಅದನ್ನು ದಾಟಿದರೂ ಗುರುತು ತೋರಿಸಬೇಕು. ಎಸ್‌ಪಿಎಫ್ ಅಥವಾ ಡಿಕಿಮ್ ಎಂಬ ದೃಢೀಕರಣಗಳಲ್ಲಿ ಒಂದಾದರೂ ಇರಬೇಕೆಂದು 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಮಾಡಿದೆ. ಎಲ್ಲ ಸರಿಯಿದ್ದರೂ ಅಪರಿಚಿತ ಸರ್ವರಿನ ಪತ್ರ ಸ್ಪ್ಯಾಮಿಗೆ ಬೀಳಬಹುದು. ವಂಚಕರ ಹಾವಳಿ ಇದಕ್ಕೆ ಕಾರಣ, ಒಪ್ಪೋಣ. ಆದರೆ ಯಾರ ಪತ್ರ ನಂಬಬೇಕೆಂದು ತೀರ್ಮಾನಿಸುವವರು ಕೆಲವೇ ದೊಡ್ಡ ಕಂಪೆನಿಗಳಾದರೆ ನಮ್ಮ ಒಡೆತನ ಎಲ್ಲಿ ಉಳಿಯಿತು?

ಹಾಗೆಂದು ಪ್ರಯತ್ನವೇ ವ್ಯರ್ಥವಲ್ಲ. ನಮ್ಮ ಸೀಮೆಯ ರೈತನನ್ನೇ ನೋಡಿ. ಉಂಡೆ ಕೊಬ್ಬರಿಗಾಗಿ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿಟ್ಟು, ಒಳಗಿನ ನೀರು ಇಂಗುವವರೆಗೆ ಕಾಯುತ್ತಾನೆ. ಮಾರಲು ತಿಪಟೂರಿನ ಮಾರುಕಟ್ಟೆಗೆ ಹೋಗಬೇಕು. ಅಲ್ಲಿನ ದರ ಅವನ ಕೈಯಲ್ಲಿಲ್ಲ. ಅಟ್ಟ ಮಾತ್ರ ಅವನದು. ಇ-ಮೇಲನ್ನೂ ಹೀಗೆ ಬೇರ್ಪಡಿಸಬಹುದು: ಕಳುಹಿಸುವ ಕೆಲಸ ಬೇರೊಂದು ಸಂಸ್ಥೆಯ ಮೂಲಕ ಆಗಲಿ, ಪತ್ರಗಳ ದಾಸ್ತಾನು ಮನೆಯಲ್ಲಿರಲಿ.

ಸಾಹಿತ್ಯದ ಮಟ್ಟಿಗೆ ಈ ದಾಸ್ತಾನು ಸಣ್ಣ ಸಂಗತಿಯಲ್ಲ. ಮಿರ್ಜಾ ಗಾಲಿಬರ ಉರ್ದು ಪತ್ರಗಳು 1868ರಲ್ಲಿ 'ಊದ್-ಎ-ಹಿಂದಿ'ಯಾಗಿ, 1869ರಲ್ಲಿ 'ಉರ್ದು-ಎ-ಮುಅಲ್ಲಾ' ಆಗಿ ಪ್ರಕಟವಾದವು. ಉರ್ದು ಗದ್ಯಕ್ಕೆ ಮಾತಿನ ಸಲೀಸು ತಂದ ಆ ಪತ್ರಗಳು ಉಳಿದದ್ದು ಅವುಗಳನ್ನು ಪಡೆದವರು ಜೋಪಾನ ಮಾಡಿದ್ದರಿಂದ. ನಮ್ಮ ಕಾಲದ ಪತ್ರಗಳ ಗತಿ ಏನು? ಎರಡು ವರ್ಷ ಬಳಸದ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರಿನಲ್ಲಿ ಜಾರಿಗೆ ತಂದಿತು. ಲೇಖಕ ತೀರಿಕೊಂಡು, ಪಾಸ್‌ವರ್ಡ್ ಮನೆಯವರಿಗೆ ತಿಳಿಯದೇ ಹೋದರೆ ಒಂದು ಜೀವಮಾನದ ಪತ್ರವ್ಯವಹಾರ ಸದ್ದಿಲ್ಲದೆ ಅಳಿದುಹೋಗಬಹುದು.

ಸರ್ವರ್ ಕಟ್ಟುವ ಹುಮ್ಮಸ್ಸುಳ್ಳವರು ಕಟ್ಟಲಿ. ಉಳಿದ ನಾವು ವರ್ಷಕ್ಕೊಮ್ಮೆಯಾದರೂ ಪತ್ರಗಳ ಪ್ರತಿಯನ್ನು ಮನೆಯ ಡಿಸ್ಕಿಗೆ ಇಳಿಸಿ, ಅದನ್ನು ತೆರೆಯುವ ಬಗೆಯನ್ನು ಮಕ್ಕಳಿಗೆ ಹೇಳಿಕೊಡೋಣ. ಗಾಲಿಬರ ಗೆಳೆಯರು ಕಾಗದದ ಕಾಲದಲ್ಲಿ ಮಾಡಿದ ಕೆಲಸವೂ ಇದೇ.