ಬಿಡಬೇಕಾದ ವಾದ, ಬಿಡಬಾರದ ವಾದ

ಗೌರಿಬಿದನೂರಿನ ಹೋಬಳಿಯಾಗಿದ್ದು ಈಗ ತಾಲ್ಲೂಕಾಗಿರುವ ಮಂಚೇನಹಳ್ಳಿಯ ಸೀಮೆಯಲ್ಲಿ, ಕನ್ನಡದಲ್ಲಿ ಶುರುವಾದ ಮಾತು ತೆಲುಗಿನಲ್ಲಿ ಮುಗಿಯುವುದು ಹೊಸತಲ್ಲ. ಮನೆಪ್ರಾರ್ಥನೆ ಮುಗಿದು ಕಾಫಿ ಬರುವ ಹೊತ್ತಿಗೆ ಕ್ರೈಸ್ತರ ನಡುವೆ ಏಳುವ ವಾದಗಳೂ ಹೀಗೆಯೇ, ಎಲ್ಲಿಂದಲೋ ಎಲ್ಲಿಗೋ ಹೋಗುತ್ತವೆ. ಎಳೆಗೂಸಿಗೆ ನೀರು ಚಿಮುಕಿಸಿದರೆ ಸಾಕೋ, ಬುದ್ಧಿ ಬಂದಮೇಲೆ ಮುಳುಗಿಸಿಯೇ ದೀಕ್ಷಾಸ್ನಾನ ಕೊಡಬೇಕೋ? ಆರಾಧನೆ ಶನಿವಾರವೋ, ಭಾನುವಾರವೋ? ಒಬ್ಬರು ‘ಸತ್ಯವೇದ’ ಬಿಡಿಸಿ ‘ಯೆಹೋವ’ ಎಂದು ಓದಿದರೆ, ಇನ್ನೊಬ್ಬರು ‘ಪವಿತ್ರ ಬೈಬಲ್’ ಬಿಡಿಸಿ ‘ಸರ್ವೇಶ್ವರ’ ಎಂದು ಓದುತ್ತಾರೆ. ವಾಕ್ಯಕ್ಕೆ ವಾಕ್ಯ ಎದುರು ನಿಲ್ಲುತ್ತದೆ. ಕಾಫಿ ಆರುತ್ತದೆ.

ಇಂಥ ಜಗಳದಿಂದ ದೂರವಿರು ಎಂದು ಪೌಲ ತಿಮೊಥೆಯನಿಗೂ ತೀತನಿಗೂ ಬರೆದ ಪತ್ರಗಳು ಬುದ್ಧಿ ಹೇಳುತ್ತವೆ. ಪ್ರಸಂಗಗಳಲ್ಲಿ ಈ ಮಾತು ಮತ್ತೆಮತ್ತೆ ಬರುತ್ತದೆ. ಇದು ಎಲ್ಲಿಯವರೆಗೆ ಸರಿ ಎಂದು ಕೇಳುವವರು ಕಡಿಮೆ.

ಸರಿ ಎನ್ನುವುದಕ್ಕೆ ಕನ್ನಡದಲ್ಲೇ ಸಾಕ್ಷಿಯಿದೆ. 1836ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ವಾದಕ್ಕೆಂದೇ ‘ದೇವ ವಿಚಾರಣೆ’ಯಂಥ ಪುಸ್ತಕ ಬರೆದರು. ಅದೇ ಕೈ ‘ಮಂಗಳೂರ ಸಮಾಚಾರ’ವನ್ನೂ ಹೊರಡಿಸಿತು, ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳನ್ನೂ ಅಚ್ಚು ಹಾಕಿಸಿತು. ಖಂಡಿಸಲು ಹೊರಟ ಧರ್ಮದ ಕಾವ್ಯವನ್ನೇ ಆತ ಕಾಪಾಡಿ ಕೊಟ್ಟಂತಾಯಿತು. ಇಂದು ‘ದೇವ ವಿಚಾರಣೆ’ಯನ್ನು ಹುಡುಕುವವರು ಸಂಶೋಧಕರು ಮಾತ್ರ. ಪತ್ರಿಕೆ ಹುಟ್ಟಿದ 1843ರ ಜುಲೈ 1 ಮಾತ್ರ ನಮಗೆ ಪತ್ರಿಕಾ ದಿನವಾಗಿ ಉಳಿದಿದೆ. ಕಿಟ್ಟೆಲ್ ಕೂಡ ಮತಪ್ರಚಾರಕ್ಕೇ ಬಂದವರು. 1894ರಲ್ಲಿ ಅವರಿಂದ ನಮಗೆ ದಕ್ಕಿದ್ದು ಸುಮಾರು 70,000 ಪದಗಳ ನಿಘಂಟು. ನಿಘಂಟು ಬರೆಯುವವನು ಎದುರಿನವನ ಬಾಯಿ ಮುಚ್ಚಿಸಿದರೆ ಕೆಲಸ ಕೆಡುತ್ತದೆ. ಅವನು ಬಾಯಿ ಬಿಡಿಸಬೇಕು. ವಾದಿಗೂ ಅವನಿಗೂ ಇರುವ ಅಂತರ ಇಷ್ಟೇ.

ಆದರೆ ವಾದ ಬಿಡುವುದೆಂದರೆ ಸುಮ್ಮನಾಗುವುದಲ್ಲ. 1919ರಲ್ಲಿ ತರಂಗಂಬಾಡಿಯಲ್ಲಿ ಮೊದಲಾದ ಸಭೈಕ್ಯದ ಮಾತುಕತೆ ಮುಗಿದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಬಿಷಪ್ಪರು ಬೇಕೆನ್ನುವ ಆಂಗ್ಲಿಕನ್ನರು, ಬಿಷಪ್ಪರಿಲ್ಲದೆ ನಡೆದುಬಂದ ಲಂಡನ್ ಮಿಷನ್ ಮೂಲದ ಸಭೆಗಳು, ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು ಇಪ್ಪತ್ತೆಂಟು ವರ್ಷ ಮಾತಾಡಿದರು. ಚಿಕ್ಕಬಳ್ಳಾಪುರದ ಲಂಡನ್ ಮಿಷನ್ ಆಸ್ಪತ್ರೆ ಇಂದು ಸಿಎಸ್‌ಐ ಆಸ್ಪತ್ರೆ ಎನಿಸಿಕೊಳ್ಳುವುದರ ಹಿಂದೆ ಆ ಮಾತುಕತೆಯಿದೆ. ಅದೂ ವಾದವೇ. ಆದರೆ ಅದು ಮುಗಿದಾಗ ಬೇರೆಬೇರೆ ಕೂತಿದ್ದವರು ಪ್ರಭುಭೋಜನದ ಒಂದೇ ಮೇಜಿಗೆ ಬಂದಿದ್ದರು.

ಊಟದ ಮೇಜೆಂದಾಗ ಪೌಲನ ಇನ್ನೊಂದು ಮುಖ ನೆನಪಾಗುತ್ತದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರೊಂದಿಗೆ ಉಣ್ಣುತ್ತಿದ್ದ. ಯಾಕೋಬನ ಕಡೆಯವರು ಬಂದ ಕೂಡಲೇ ಪಂಕ್ತಿಯಿಂದ ಹಿಂದೆ ಸರಿದ. ಆಗ ಪೌಲ ಜಗಳ ಬೇಡವೆಂದು ಸುಮ್ಮನಿರಲಿಲ್ಲ, ಎಲ್ಲರೆದುರೇ ಅವನನ್ನು ಕೇಳಿದ. ಆ ಪತ್ರಗಳಲ್ಲಿ ವಂಶಾವಳಿಯ ವಾದ ವ್ಯರ್ಥ ಎಂದವನಿಗೆ ಪಂಕ್ತಿಭೇದದ ವಾದ ವ್ಯರ್ಥವೆನಿಸಲಿಲ್ಲ. ಪಂಕ್ತಿಭೇದ ಏನೆಂದು ನಮ್ಮ ಸೀಮೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

‘ವಾದ ಬೇಡ, ಸಮಾಧಾನವಿರಲಿ’ ಎಂಬ ರೂಢಿಯ ದೋಷ ಇಲ್ಲಿಯೇ ಇದೆ. ದೀಕ್ಷಾಸ್ನಾನದ ನೀರು ಎಷ್ಟು ಆಳವಿರಬೇಕೆಂದು ಗಂಟೆಗಟ್ಟಲೆ ವಾದಿಸುವವರೇ, ಮದುವೆಯ ಮಾತಿನಲ್ಲಿ ‘ನಿಮ್ಮವರು ಮೊದಲು ಯಾರು?’ ಎಂಬ ಪ್ರಶ್ನೆ ಬಂದಾಗ ಸಮಾಧಾನದ ವಾಕ್ಯ ಹುಡುಕುತ್ತಾರೆ. ಮೊಗ್ಲಿಂಗರ ‘ದೇವ ವಿಚಾರಣೆ’ ಹಳತಾಯಿತು ಎನ್ನಬಹುದು. ಅವರದೇ ‘ಜಾತಿ ವಿಚಾರಣೆ’ ಎತ್ತಿದ ಪ್ರಶ್ನೆ ಹಳತಾಗಿಲ್ಲ.

ಹಾಗಾಗಿ ನನ್ನ ಅಳತೆ ಸಣ್ಣದು. ವಾದ ಮುಗಿದ ರಾತ್ರಿ, ನೀರು ಚಿಮುಕಿಸಿಕೊಂಡವನ ಮನೆಯ ಮುದ್ದೆಯನ್ನು ನೀರಲ್ಲಿ ಮುಳುಗಿ ಎದ್ದವನು ಉಣ್ಣಬಹುದಾದರೆ, ಆ ವಾದವನ್ನು ಆರಿದ ಕಾಫಿಯ ಜೊತೆಗೇ ಚೆಲ್ಲಿಬಿಡಬಹುದು. ಆ ಮನೆಯಲ್ಲಿ ಉಣ್ಣಲು ಇನ್ನೂ ಹಿಂಜರಿಯುವವನಿದ್ದರೆ, ವಾದ ಇನ್ನೂ ಶುರುವೇ ಆಗಿಲ್ಲ.