‘ರೋಗಗ್ರಸ್ತ’ ಗಿರಣಿ: ಒಂದು ಪದವಿಚಾರ

ಪರೇಲಿನಲ್ಲಿ ಬಟ್ಟೆಯ ಗಿರಣಿಗಳೂ ಆಸ್ಪತ್ರೆಗಳೂ ನೆರೆಹೊರೆಯಾಗಿ ಬೆಳೆದವು. ಕೆ.ಇ.ಎಂ. ಆಸ್ಪತ್ರೆ 1926ರದು, ಟಾಟಾ ಸ್ಮಾರಕ ಆಸ್ಪತ್ರೆ 1941ರದು. ಮುಂದೆ ಆಸ್ಪತ್ರೆಯ ಮಾತೇ ಗಿರಣಿಗೂ ಅನ್ವಯವಾಯಿತು. ದೇಶದ 103 ಗಿರಣಿಗಳನ್ನು ರಾಷ್ಟ್ರೀಕರಿಸಿದ 1974ರ ಕೇಂದ್ರಶಾಸನವು ಅವನ್ನು ಕಾಯಿಲೆಯವೆಂದೇ ಹೆಸರಿಸಿತು. ಕೂಡಿಬಂದ ನಷ್ಟವು ನಿವ್ವಳ ಸಂಪತ್ತಿಗೆ ಸಮವಾದರೆ ಅಥವಾ ಅದನ್ನು ಮೀರಿದರೆ ಕಂಪನಿ ರೋಗಿಯೆಂದು 1985ರ ಶಾಸನ ಲಕ್ಷಣ ಹೇಳಿತು. ಮರಾಠಿಗರು ‘ಆಜಾರಿ’ ಎಂದರು. ಕನ್ನಡದ ಬರಹಗಾರರು ‘ರೋಗಗ್ರಸ್ತ’ ಎಂದರು.

ಈ ಪದ ವಿಚಾರಾರ್ಹವಾದುದು. ‘ಗ್ರಸ್ತ’ವೆಂದರೆ ನುಂಗಲ್ಪಟ್ಟದ್ದು. ರಾಹುಗ್ರಸ್ತನಾದ ಸೂರ್ಯನಿಗೆ ಮೋಕ್ಷಕಾಲವುಂಟು, ಪಂಚಾಂಗವು ಅದನ್ನು ಮೊದಲೇ ತಿಳಿಸುತ್ತದೆ. ಗಿರಣಿಗೆ ಅಂಥ ಪಂಚಾಂಗವಿಲ್ಲ. ರೋಗವನ್ನು ಹೇಳುವ ಈ ಮಾತು ರೋಗದ ಸಾಧ್ಯಾಸಾಧ್ಯವನ್ನು ಹೇಳುವುದಿಲ್ಲ.

ನಮ್ಮ ವೈದ್ಯಪರಂಪರೆ ಹೀಗೆ ಅಸ್ಪಷ್ಟವಾಗಿರಲಿಲ್ಲ. ಚರಕನು ಸುಖಸಾಧ್ಯ, ಕೃಚ್ಛ್ರಸಾಧ್ಯ ಎಂದು ಸಾಧ್ಯರೋಗಗಳನ್ನು ವಿಭಾಗಿಸಿದ. ಅಸಾಧ್ಯದಲ್ಲಿಯೂ ಚಿಕಿತ್ಸೆಗೆ ನಿಲುಕದ್ದನ್ನು ಬೇರಿಟ್ಟು, ‘ಯಾಪ್ಯ’ವನ್ನು ಪ್ರತ್ಯೇಕಿಸಿದ. ಗುಣವಾಗದಿದ್ದರೂ ಔಷಧ ಪಥ್ಯಗಳಿಂದ ದಿನ ನೂಕಬಹುದಾದದ್ದು ಯಾಪ್ಯ. ಸರಕಾರದ ಹಣದಿಂದ ವರ್ಷಾನುವರ್ಷ ಉಸಿರು ಹಿಡಿದ ಗಿರಣಿಗಳಿಗೆ ಇದಕ್ಕಿಂತ ಒಪ್ಪುವ ಪದ ದೊರೆಯದು. ಆದರೂ ಯಾವ ಲೇಖಕನೂ ಅದನ್ನು ಬಳಸಿದಂತೆ ಕಾಣದು. ಸಂಸ್ಕೃತವನ್ನು ಎರವು ತರುವಾಗಲೂ ನಾವು ಹತ್ತಿರದ ಅಂಗಡಿಗೇ ಹೋಗುತ್ತೇವೆ.

ಆಡುಮಾತು ಈ ವಿಷಯದಲ್ಲಿ ಹೆಚ್ಚು ಜಾಣ. ಗಡಿಯಾರ ‘ನಿಂತಿದೆ’ ಎಂದರೆ ಮತ್ತೆ ನಡೆದೀತು. ‘ಕೆಟ್ಟಿದೆ’ ಎಂದರೆ ರಿಪೇರಿಗೆ ಒಯ್ಯಬೇಕು. ‘ಹಾಳಾಗಿದೆ’ ಎಂದರೆ ಕೈಬಿಟ್ಟಂತೆ. ಇದನ್ನು ನಿಯಮವೆನ್ನಲಾಗದು: ಕೆಟ್ಟ ಹಾಲನ್ನು ಯಾರೂ ರಿಪೇರಿ ಮಾಡಲಾರರು.

ಭೇದ ಕೇವಲ ನಿಘಂಟಿನದಲ್ಲ. 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಬಂದರು. ಅವರ ಪಾಲಿಗೆ ಗಿರಣಿ ‘ನಿಂತಿತ್ತು’. ಅನೇಕ ಮಾಲಿಕರ ಲೆಕ್ಕದಲ್ಲಿ ಅದಾಗಲೇ ‘ಮುಚ್ಚಿತ್ತು’. ಉಳಿದದ್ದು ಜಮೀನಿನ ಬೆಲೆ. ‘ರೋಗಗ್ರಸ್ತ’ವೆಂಬ ಮಾತು ಈ ಎರಡು ಅರ್ಥಗಳನ್ನೂ ಒಂದೇ ಚಾದರದಡಿ ಮಲಗಿಸಿತು. ರೋಗಿಯೆಂದು ಕರೆದ ಮೇಲೆ ಚಿಕಿತ್ಸೆಯನ್ನು ನಿರೀಕ್ಷಿಸುವುದು ಸಹಜ. ಆ ನಿರೀಕ್ಷೆಯಲ್ಲಿ ಚಾಳುಗಳ ಎಷ್ಟೋ ಸಂಸಾರಗಳು ಊರಿಗೂ ಹಿಂತಿರುಗದೆ, ಬೇರೆ ಕಸುಬನ್ನೂ ಹಿಡಿಯದೆ ಕಾದವು. ಲೋವರ್ ಪರೇಲಿನ ಫೀನಿಕ್ಸ್ ಗಿರಣಿಯ ನೆಲದಲ್ಲಿ ಇಂದು ಮಾಲ್ ಇದೆ. ಬೂದಿಯಿಂದೇಳುವ ಹಕ್ಕಿಯ ಹೆಸರು ಮಾತ್ರ ಹಾಗೆಯೇ ಉಳಿದಿದೆ.

1985ರ ಶಾಸನವೂ 2016ರಲ್ಲಿ ರದ್ದಾಯಿತು. ಅದರ ಜಾಗಕ್ಕೆ ಬಂದ ಸಂಹಿತೆಯು ಮೊದಲು ಪರಿಹಾರವನ್ನು ಅರಸಿ, ಅದು ದೊರೆಯದಾಗ ಮಾತ್ರ ಸಮಾಪನಕ್ಕೆ ಕೈಹಾಕುತ್ತದೆ. ಅದನ್ನು ಕನ್ನಡ ಪತ್ರಿಕೆಗಳು ‘ದಿವಾಳಿ ಸಂಹಿತೆ’ ಎಂದು ಕರೆಯುತ್ತವೆ.