ನೀರು ಕುದಿಸಿ ಎಂದರೆ ಸಾಕೆ?

ಕಲುಷಿತ ನೀರಿನಲ್ಲಿ ರೋಗಾಣುಗಳಿರುತ್ತವೆ, ಕುದಿಸಿದರೆ ಸಾಯುತ್ತವೆ. ಇದು ನಿಮಗೆ ಗೊತ್ತಿರುವ ವಿಷಯ. ತಿಳಿಸಿ ಹೇಳಿದರೆ ಜನ ನೀರು ಕುದಿಸಿಯೇ ಕುಡಿಯುತ್ತಾರೆ ಎಂದುಕೊಂಡಿದ್ದೀರಾ? ಹಾಗಾದರೆ ಮಾನವಶಾಸ್ತ್ರಜ್ಞ ಎಡ್ವರ್ಡ್ ವೆಲಿನ್ ಅವರ ಅಧ್ಯಯನವನ್ನು ನೋಡಬೇಕು. ಬೆಂಜಮಿನ್ ಪಾಲ್ ಸಂಪಾದಿಸಿದ ‘ಹೆಲ್ತ್, ಕಲ್ಚರ್ ಅಂಡ್ ಕಮ್ಯುನಿಟಿ’ (1955) ಗ್ರಂಥದಲ್ಲಿ ಅದು ಒಂದು ಅಧ್ಯಾಯ.

ಪೆರು ದೇಶದ ಲಾಸ್ ಮೊಲಿನೊಸ್‌ನಲ್ಲಿದ್ದದ್ದು ಸುಮಾರು 200 ಕುಟುಂಬಗಳು. ಅವರು ನೀರು ತರುತ್ತಿದ್ದುದು ಕಾಲುವೆ, ಚಿಲುಮೆ ಇಲ್ಲವೆ ಬಾವಿಯಿಂದ. ಯಾವುದೂ ಶುದ್ಧವಲ್ಲ. ಆರೋಗ್ಯ ಇಲಾಖೆಯ ಕಾರ್ಯಕರ್ತೆಯೊಬ್ಬರು ಎರಡು ವರ್ಷ ಮನೆಮನೆಗೆ ಹೋಗಿ ತಿಳಿಹೇಳಿದರು. ಹೊಸದಾಗಿ ನೀರು ಕುದಿಸಲು ಒಪ್ಪಿದವರು 11 ಗೃಹಿಣಿಯರು ಮಾತ್ರ!

ಏಕೆ ಹೀಗಾಯಿತು? ನಮ್ಮಲ್ಲಿ ಪಪ್ಪಾಯಿ ಉಷ್ಣ, ಸೌತೆಕಾಯಿ ತಂಪು ಎನ್ನುವಂತೆ ಅಲ್ಲಿಯೂ ಉಷ್ಣ–ಶೀತಗಳ ಎಣಿಕೆ ಇತ್ತು. ಕುದಿಸಿದ ನೀರು ಕಾಯಿಲೆಯವರಿಗೆ ಎಂಬುದು ರೂಢಿ. ಜೊತೆಗೆ ಸೌದೆ ಹೊಂದಿಸಬೇಕು, ಒಲೆ ಬಿಡುವಾಗಿರಬೇಕು. ಮನುಷ್ಯರೇ ಮುಳುಗಿ ಸಾಯುವ ನೀರಿನಲ್ಲಿ ಆ ಸಣ್ಣ ಜೀವಿಗಳು ಬದುಕುವುದು ಹೇಗೆ ಎಂದು ಒಬ್ಬಾಕೆ ಕೇಳಿದಳು. ಹಸಿವು, ಚಳಿಯ ಚಿಂತೆಯೇ ಸಾಕಾಗಿರುವಾಗ ಕಾಣದ ಪ್ರಾಣಿಗಳ ಚಿಂತೆ ಆಕೆಗೆ ಬೇಡವಾಗಿತ್ತು.

ಈ ಪ್ರಸಂಗವನ್ನು ಅನೇಕರು ಮೂಢನಂಬಿಕೆಯ ಕತೆಯಾಗಿ ಹೇಳುತ್ತಾರೆ. ಅದು ತಪ್ಪು ಓದು. ನಂಬಿಕೆಯ ಜೊತೆಗೆ ಬಡತನವನ್ನೂ ದುಡಿಮೆಯನ್ನೂ ತೂಗಿ ನೋಡಿರುವುದೇ ವೆಲಿನ್ ಅವರ ಹಿರಿಮೆ. ಒಂದು ಕೊರತೆಯೂ ಉಂಟು. ಇಡೀ ವಿಶ್ಲೇಷಣೆ ಗೃಹಿಣಿಯ ತೀರ್ಮಾನದ ಸುತ್ತಲೇ ಇದೆ. ಊರಿಗೆ ಶುದ್ಧ ನೀರು ಒದಗಿಸುವ ಹೊಣೆಯ ಪ್ರಶ್ನೆ ಅಂಚಿನಲ್ಲಿಯೇ ಉಳಿಯುತ್ತದೆ.

ಈಗ ಯೋಚಿಸಿ. ಆ ಕಾರ್ಯಕರ್ತೆ ಅದೇ ದೇಶದವರು, ಅದೇ ಭಾಷೆಯವರು. ಅವರಿಗೇ ಎರಡು ವರ್ಷ ಸಾಲಲಿಲ್ಲ. ಎರಡು ವಾರಕ್ಕೆಂದು ಬಡ ದೇಶಗಳಿಗೆ ವಿಮಾನ ಹತ್ತುವ ವಿದೇಶಿ ಸ್ವಯಂಸೇವಕರು ಏನು ಬದಲಿಸಿಯಾರು? 1968ರಲ್ಲಿ ಇವಾನ್ ಇಲಿಚ್ ಇದೇ ಮಾತನ್ನು ಮೆಕ್ಸಿಕೊದಲ್ಲಿ ಅಮೆರಿಕದ ವಿದ್ಯಾರ್ಥಿ ಸ್ವಯಂಸೇವಕರಿಗೆ ಕಟುವಾಗಿ ಹೇಳಿದ್ದರು. ಉದ್ಧಾರ ಮಾಡಲು ಬರಬೇಡಿ, ಕಲಿಯಲು ಬನ್ನಿ ಎಂಬುದು ಅವರ ಮಾತಿನ ಸಾರ.

ಹಾಗೆಂದು ಸೇವೆಯೇ ಬೇಡವೆಂದಲ್ಲ. ಜನರ ದಿನಚರಿ, ಒಲೆ, ಸೌದೆ, ನೀರಿನ ದಾರಿ ಇವನ್ನು ಮೊದಲು ಅರಿಯಬೇಕು. ಅನ್ವಯಿಕ ವೈದ್ಯಕೀಯ ಮಾನವಶಾಸ್ತ್ರದ ಕೆಲಸವೇ ಅದು. ಬೇಸಿಗೆ ರಜೆಯಲ್ಲಿ ಆರೋಗ್ಯ ಜಾಥಾ ಹೊರಡುವ ಶಿಕ್ಷಕರೇ, ವಿದ್ಯಾರ್ಥಿಗಳೇ, ಈ ಎಚ್ಚರ ನಮಗೂ ಬೇಕು. ಭಾಷಣಕ್ಕೆ ಮುನ್ನ ಒಂದು ಪ್ರಶ್ನೆ ಕೇಳಿ: ಈ ಮನೆಯಲ್ಲಿ ನೀರು ಕುದಿಸಲು ಸೌದೆ ಇದೆಯೆ?